ಬಡ್ಡಿಯ ನಿಯಮಕ್ಕೆ ಮನೆ ಎಲ್ಲಿ?

ಸಂಜೆ ಆರರ ಹೊತ್ತಿಗೆ ಮುಂಬಯಿಯ ಕಾಂದಿವಲಿ ಪಶ್ಚಿಮದ ಸ್ಟೇಷನ್ ಆಸುಪಾಸಿನ ಗಲ್ಲಿಗಳಲ್ಲಿ ಪಿಗ್ಮಿ ಸಂಗ್ರಾಹಕರ ಸುತ್ತು ಶುರುವಾಗುತ್ತದೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಇನ್ನೂರು ರೂಪಾಯಿ, ಪಕ್ಕದ ಹೂವಿನಂಗಡಿಯಲ್ಲಿ ಐವತ್ತು, ಅದರಾಚೆಯ ಬೀಗ ರಿಪೇರಿಯವನಲ್ಲಿ ನೂರು. ಕೈಯಲ್ಲಿನ ಪುಟ್ಟ ಯಂತ್ರಕ್ಕೆ ಖಾತೆ ಸಂಖ್ಯೆ ಒತ್ತಿ, ಮೊತ್ತ ಒತ್ತಿ, ಚೀಟಿ ಹರಿದುಕೊಟ್ಟು ಮುಂದಿನ ಬಾಗಿಲಿಗೆ ನಡೆ. ಅದೇ ಹೊತ್ತಿಗೆ ಆ ಹೋಟೆಲ್ ಮಾಲೀಕರ ಮಗಳು ಠಾಕೂರ್ ವಿಲೇಜಿನ ಮನೆಯಲ್ಲಿ ಕೂತು ಫೋನಿನಿಂದ ಕಾಲೇಜಿನ ಫೀ ಕಟ್ಟುತ್ತಿರುತ್ತಾಳೆ. ಹೋಟೆಲಿನ ಅಡುಗೆಯವನು ಎಟಿಎಂ ಮುಂದೆ ಸರದಿಯಲ್ಲಿ ನಿಂತಿರುತ್ತಾನೆ. ಶಾಖೆಯ ಶಟರು ಅರ್ಧ ಇಳಿದಿದ್ದರೂ ಒಳಗೆ ದಿನದ ಲೆಕ್ಕ ಮುಗಿದಿರುವುದಿಲ್ಲ.

ಒಂದೇ ಬ್ಯಾಂಕಿನ ಲೆಕ್ಕಕ್ಕೆ ಹೀಗೆ ನಾಲ್ಕು ಬಾಗಿಲು. ಯಾವ ಬಾಗಿಲಿಂದ ಬಂದರೂ ನಿಯಮ ಮಾತ್ರ ಒಂದೇ ಆಗಿರಬೇಕು: ಇಲ್ಲದ ಹಣ ತೆಗೆಯುವಂತಿಲ್ಲ, ಅವಧಿಗೆ ಮುನ್ನ ಠೇವಣಿ ಮುರಿದರೆ ಬಡ್ಡಿ ಇಷ್ಟು ಕಡಿಮೆ, ಹಿರಿಯ ನಾಗರಿಕರಿಗೆ ಇಷ್ಟು ಹೆಚ್ಚು. ಈ ನಿಯಮಗಳನ್ನು ಕಂಪ್ಯೂಟರಿನೊಳಗೆ ಯಾವ ಜಾಗದಲ್ಲಿ ಬರೆದಿಡಬೇಕು ಎನ್ನುವುದು ಸಾಫ್ಟ್‌ವೇರ್ ಕಟ್ಟುವವರ ನಡುವೆ ಮೂರು ದಶಕಗಳಿಂದ ನಡೆದಿರುವ ವಾದ. ಲೆಕ್ಕ ಇರುವ ಡೇಟಾಬೇಸಿನಲ್ಲೇ ಬರೆಯಬೇಕೆ, ಲೆಕ್ಕವನ್ನು ಬಳಸುವ ಅಪ್ಲಿಕೇಶನ್ನಿನಲ್ಲೆ?

ಲೆಡ್ಜರ್ ಕಾಲದ ಏರ್ಪಾಟು

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೇ ಬಂದು ಪಡೆಯುವ ಯೋಜನೆ ಅದು. ಆಗ ಎಲ್ಲವೂ ಕಾಗದದಲ್ಲಿ. ಹಣದ ವಿವರ ಲೆಡ್ಜರಿನಲ್ಲಿ, ಬಡ್ಡಿಯ ನಿಯಮ ಕೈಪಿಡಿಯಲ್ಲಿ ಮತ್ತು ಮುಖ್ಯ ಕಚೇರಿಯಿಂದ ಬಂದ ಸುತ್ತೋಲೆಗಳ ಫೈಲಿನಲ್ಲಿ. ಅವೆರಡನ್ನೂ ಕೂಡಿಸುತ್ತಿದ್ದುದು ಗುಮಾಸ್ತರ ತಲೆ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಸಹಿ ಹಾಕಬೇಕಿತ್ತು. ಇಂದಿಗೂ ಬ್ಯಾಂಕುಗಳಲ್ಲಿ ‘ಮೇಕರ್–ಚೆಕರ್’ ಎನ್ನುವುದು ಇದನ್ನೇ.

ಆ ಏರ್ಪಾಟಿನಲ್ಲಿ ಲೆಡ್ಜರಿನ ಪುಟಕ್ಕೂ ಸ್ವಲ್ಪ ಬುದ್ಧಿ ಇತ್ತು. ಜಮೆಗೆ ಒಂದು ಅಂಕಣ, ಖರ್ಚಿಗೆ ಒಂದು, ಬಾಕಿಗೆ ಒಂದು. ತಪ್ಪು ಅಂಕಣದಲ್ಲಿ ಬರೆದರೆ ದಿನದ ಕೊನೆಗೆ ತಾಳೆಯಾಗುತ್ತಿರಲಿಲ್ಲ. ಕೆಲವು ನಿಯಮಗಳು ಪುಸ್ತಕದ ಆಕಾರದಲ್ಲೇ ಸೇರಿದ್ದವು, ಉಳಿದವು ಅದನ್ನು ಬಳಸುವವರ ಬಳಿ ಇದ್ದವು. ಕಂಪ್ಯೂಟರಿನ ವಾದವೂ ಇದೇ ಗೆರೆಯ ಸುತ್ತ ತಿರುಗುತ್ತದೆ.

ಡೇಟಾಬೇಸ್ ಎಂದರೆ ಆ ಲೆಡ್ಜರ್: ಖಾತೆ, ಗ್ರಾಹಕ, ವ್ಯವಹಾರ ಎಂದು ಸಾಲು–ಅಂಕಣಗಳ ಟೇಬಲ್‌ಗಳಾಗಿ ಮಾಹಿತಿಯನ್ನು ಕಾಪಾಡುವ ವ್ಯವಸ್ಥೆ. ಅಪ್ಲಿಕೇಶನ್ ಎಂದರೆ ಕೌಂಟರು: ಗ್ರಾಹಕನ ಅಥವಾ ಸಿಬ್ಬಂದಿಯ ಕೋರಿಕೆಯನ್ನು ಕೇಳಿಸಿಕೊಂಡು, ಲೆಡ್ಜರಿನಿಂದ ಬೇಕಾದ್ದನ್ನು ತರಿಸಿ, ಲೆಕ್ಕ ಹಾಕಿ, ಮತ್ತೆ ಬರೆಯಿಸುವ ಪ್ರೋಗ್ರಾಂ. ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆ ಯಂತ್ರಗಳಲ್ಲಿರುತ್ತವೆ, ನಡುವೆ ನೆಟ್‌ವರ್ಕ್ ಇರುತ್ತದೆ. ನಿಯಮದ ಜಾಗ ಬದಲಾದಂತೆ ಕೆಲಸದ ವೇಗ, ಭದ್ರತೆ, ಖರ್ಚು ಮೂರೂ ಬದಲಾಗುವುದಕ್ಕೆ ಈ ಅಂತರವೇ ಕಾರಣ.

ಕಾಡ್ ಎಳೆದ ಗೆರೆ

ಇಂದಿನ ಟೇಬಲ್ ಮಾದರಿಯ ಡೇಟಾಬೇಸಿಗೆ ಮೂಲ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ. 1985ರಲ್ಲಿ ಅವರು ಇಂಥ ಡೇಟಾಬೇಸ್ ಪಾಲಿಸಬೇಕಾದ ನಿಯಮಗಳ ಪಟ್ಟಿಯನ್ನೇ ಕೊಟ್ಟರು. ಮಾಹಿತಿಯ ಶುದ್ಧತೆ ಕಾಯುವ ಕಟ್ಟುಪಾಡುಗಳನ್ನು ಡೇಟಾಬೇಸಿನೊಳಗೇ ಇಡಬೇಕು, ಅದನ್ನು ಬಳಸುವ ಪ್ರೋಗ್ರಾಂಗಳಲ್ಲಿ ಚದುರಿಸಬಾರದು ಎನ್ನುವುದು ಆ ಪಟ್ಟಿಯ ಒಂದು ಮುಖ್ಯ ಅಂಶ. ಪ್ರೋಗ್ರಾಂಗಳು ಬಂದು ಹೋಗುತ್ತವೆ, ಮಾಹಿತಿ ಉಳಿಯುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಕಾಡ್ ಹೇಳಿದ್ದು ಶುದ್ಧತೆಯ ಕಟ್ಟುಪಾಡುಗಳ ಮಾತು. ಖಾತೆಯಿಲ್ಲದೆ ವ್ಯವಹಾರವಿಲ್ಲ, ಒಂದೇ ಸಂಖ್ಯೆಯ ಎರಡು ಖಾತೆ ಇರಕೂಡದು ಎಂಬಂಥವು. 1980ರ ದಶಕದ ಕೊನೆಗೆ ಸೈಬೇಸ್ ಎಂಬ ಡೇಟಾಬೇಸ್, 1992ರಲ್ಲಿ ಒರಾಕಲ್ ಡೇಟಾಬೇಸಿನ ಏಳನೇ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಪೂರ್ತಿ ಪ್ರೋಗ್ರಾಂಗಳನ್ನೇ ಡೇಟಾಬೇಸಿನೊಳಗೆ ಬರೆದಿಟ್ಟು ಓಡಿಸುವ ಸೌಲಭ್ಯ ಕೊಟ್ಟವು. ಇವು ಪ್ರೊಸೀಜರ್‌ಗಳು. ಯಾವುದಾದರೂ ಸಾಲು ಬದಲಾದ ಕೂಡಲೇ ತಾನಾಗಿ ಓಡುವಂಥದ್ದು ಟ್ರಿಗರ್. ಬಡ್ಡಿಯ ಲೆಕ್ಕ, ದಂಡದ ಲೆಕ್ಕ, ಕಮಿಷನ್ನಿನ ಲೆಕ್ಕ ಎಲ್ಲವನ್ನೂ ಲೆಡ್ಜರಿನೊಳಗೇ ಹುದುಗಿಸಬಹುದಾದ ಕಾಲ ಅಲ್ಲಿಂದ ಶುರು.

ಗೋರೆಗಾಂವಿನಲ್ಲಿ ಆಯ್ದ ದಾರಿ

ಕಾಂದಿವಲಿಯಿಂದ ದಕ್ಷಿಣಕ್ಕೆ ಲೋಕಲ್ ಹತ್ತಿದರೆ ಮಲಾಡ್ ದಾಟಿ ಎರಡನೇ ನಿಲ್ದಾಣ ಗೋರೆಗಾಂವ್. ಪೂರ್ವಕ್ಕಿಳಿದರೆ 1978ರಲ್ಲಿ ಬಿಲ್ಲವರ ಮುಂದಾಳತ್ವದಲ್ಲಿ ಹುಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನ ಕೇಂದ್ರ ಕಚೇರಿ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಗೆ ಒರಾಕಲ್ ಪಾರ್ಕ್. ಒಂದು ಕಡೆ ಊರು ಬಿಟ್ಟು ಬಂದವರು ಕೂಡಿಟ್ಟ ಹಣ, ಇನ್ನೊಂದು ಕಡೆ ಅಂಥ ಹಣದ ಲೆಕ್ಕವಿಡುವ ಸಾಫ್ಟ್‌ವೇರಿನ ಮನೆ.

ಈ ಎರಡನೆಯದರ ಮೂಲ ಸಿಟಿಕಾರ್ಪ್ ಮುಂಬಯಿಯಲ್ಲಿ ಕಟ್ಟಿದ ಸಾಫ್ಟ್‌ವೇರ್ ಸಂಸ್ಥೆ. 1990ರ ದಶಕದ ಉತ್ತರಾರ್ಧದಲ್ಲಿ ಅದು ಫ್ಲೆಕ್ಸ್‌ಕ್ಯೂಬ್ ಎಂಬ ಬ್ಯಾಂಕಿಂಗ್ ಸಾಫ್ಟ್‌ವೇರ್ ಹೊರತಂದಿತು. ಸಂಸ್ಥೆಯ ಹೆಸರು ಮುಂದೆ ಐ-ಫ್ಲೆಕ್ಸ್ ಆಯಿತು. 2005ರಲ್ಲಿ ಸಿಟಿಗ್ರೂಪಿನ ಪಾಲನ್ನು ಒರಾಕಲ್ ಕೊಂಡಿತು, 2008ರಲ್ಲಿ ಹೆಸರು ಒರಾಕಲ್ ಫೈನಾನ್ಷಿಯಲ್ ಸರ್ವೀಸಸ್ ಸಾಫ್ಟ್‌ವೇರ್ ಆಯಿತು. ಫ್ಲೆಕ್ಸ್‌ಕ್ಯೂಬ್‌ನ ಮುಖ್ಯ ಕವಲಾದ ಯೂನಿವರ್ಸಲ್ ಬ್ಯಾಂಕಿಂಗ್‌ನಲ್ಲಿ ವ್ಯವಹಾರದ ಲಾಜಿಕ್‌ನ ದೊಡ್ಡ ಪಾಲು ಡೇಟಾಬೇಸಿನೊಳಗೇ, ಒರಾಕಲ್‌ನ ಪಿಎಲ್–ಎಸ್‌ಕ್ಯುಎಲ್ ಭಾಷೆಯಲ್ಲಿ ಇದೆ. ಸಿಬ್ಬಂದಿ ನೋಡುವ ಪರದೆಗಳು ಕಾಲಕ್ಕೆ ತಕ್ಕಂತೆ ಬ್ರೌಸರಿಗೆ ಬಂದರೂ ಒಳಗಿನ ಈ ಲೆಕ್ಕದ ಪದರ ಡೇಟಾಬೇಸಿನಲ್ಲೇ ನಿಂತಿದೆ.

ಬೆಂಗಳೂರಿನ ಇನ್ಫೋಸಿಸ್ ಕಟ್ಟಿದ ಫಿನಾಕಲ್ ಬೇರೆ ಹಾದಿಯದು. ಅಲ್ಲಿ ಬ್ಯಾಂಕು ತನ್ನ ವಿಶೇಷ ನಿಯಮಗಳನ್ನು ಡೇಟಾಬೇಸಿನ ಹೊರಗೆ, ಅಪ್ಲಿಕೇಶನ್ ಪದರದ ಸ್ಕ್ರಿಪ್ಟ್‌ಗಳಲ್ಲಿ ಬರೆದು ಜೋಡಿಸಬಹುದು. ಎರಡೂ ಸಾಫ್ಟ್‌ವೇರ್‌ಗಳು ಬಹುಕಾಲದಿಂದ ಅನೇಕ ದೇಶಗಳ ಬ್ಯಾಂಕುಗಳನ್ನು ನಡೆಸುತ್ತಿವೆ. ಹಾಗಾಗಿ ಒಂದು ದಾರಿ ಸರಿ, ಇನ್ನೊಂದು ತಪ್ಪು ಎಂದು ಬಿಡುವುದು ಸಾಧ್ಯವಿಲ್ಲ. ಯಾವ ನಿಯಮ ಯಾವ ಜಾಗಕ್ಕೆ ಸರಿ ಎಂಬುದನ್ನು ಒಂದೊಂದಾಗಿ ನೋಡಬೇಕಾಗುತ್ತದೆ.

2010ರ ಏಪ್ರಿಲ್ 1

ಅದಕ್ಕೆ ಉಳಿತಾಯ ಖಾತೆಯ ಬಡ್ಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2010ರ ಮಾರ್ಚ್‌ವರೆಗೆ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಬಾಕಿಗೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತಿತ್ತು. ಕೈಯಲ್ಲಿ ಲೆಕ್ಕ ಹಾಕುವ ಗುಮಾಸ್ತರಿಗೆ ಅನುಕೂಲವಾಗಲೆಂದು ಇದ್ದ ಪದ್ಧತಿ ಅದು. ಪುಟದ ಮೇಲೆ ಕಣ್ಣಾಡಿಸಿ ಚಿಕ್ಕ ಅಂಕಿ ಹುಡುಕಿದರೆ ಸಾಕಿತ್ತು.

ಗ್ರಾಹಕರಿಗೆ ಇದರಿಂದ ಆಗುತ್ತಿದ್ದ ನಷ್ಟ ಸಣ್ಣದಲ್ಲ. ಒಬ್ಬರ ಖಾತೆಯಲ್ಲಿ ತಿಂಗಳ ಆರಂಭದಿಂದ ₹50,000 ಇದೆ ಎನ್ನೋಣ. 25ರಂದು ₹45,000 ತೆಗೆದು 28ರಂದು ಮತ್ತೆ ತುಂಬಿದರು. ಅಂದಿನ ಶೇ 3.5ರ ದರದಲ್ಲಿ ಹಳೆಯ ನಿಯಮದಂತೆ ಬಡ್ಡಿ ಬರುವುದು ₹5,000ಕ್ಕೆ ಮಾತ್ರ, ಅಂದರೆ ₹14.58. ದಿನದಿನದ ಬಾಕಿಗೆ ಲೆಕ್ಕ ಹಾಕಿದರೆ, 30 ದಿನಗಳ ತಿಂಗಳಲ್ಲಿ 27 ದಿನ ₹50,000 ಮತ್ತು ಮೂರು ದಿನ ₹5,000. ಬಡ್ಡಿ ₹130.89. ಮೂರು ದಿನದ ಅಡಚಣೆಗೆ ತಿಂಗಳ ಬಡ್ಡಿಯ ಹೆಚ್ಚುಕಡಿಮೆ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಹೋದಂತೆ. ಊರಿಗೆ ಹಣ ಕಳಿಸಿ, ಸಂಬಳ ಬಂದ ಮೇಲೆ ತುಂಬಿಕೊಳ್ಳುವ ಮುಂಬಯಿಯ ದುಡಿಯುವ ಜನರಿಗೆ ಈ ನಿಯಮ ಎಷ್ಟು ದುಬಾರಿಯಾಗಿತ್ತು ಎಂದು ಇದರಿಂದ ಊಹಿಸಬಹುದು.

ವಾಣಿಜ್ಯ ಬ್ಯಾಂಕುಗಳ ಶಾಖೆಗಳು ಸಾಕಷ್ಟು ಗಣಕೀಕರಣಗೊಂಡಿವೆ ಎಂಬ ಕಾರಣ ಕೊಟ್ಟೇ ರಿಸರ್ವ್ ಬ್ಯಾಂಕ್ 2009ರ ಏಪ್ರಿಲ್ ನೀತಿಯಲ್ಲಿ ಬದಲಾವಣೆ ಘೋಷಿಸಿತು. 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಗೆ ಬಡ್ಡಿ. ತಯಾರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ವರ್ಷ.

ನಿಯಮದ ಜಾಗದ ಪ್ರಶ್ನೆ ಇಲ್ಲಿ ಪುಸ್ತಕದಿಂದ ಎದ್ದು ಬರುತ್ತದೆ. ಒಂದು ಲಕ್ಷ ಖಾತೆಗಳಿರುವ ಬ್ಯಾಂಕು ಅರ್ಧ ವರ್ಷದ ಬಡ್ಡಿ ಹಾಕಬೇಕಾದರೆ ನೋಡಬೇಕಾದ ದಿನದ ಬಾಕಿಗಳು ಸುಮಾರು 1.8 ಕೋಟಿ. ಅಷ್ಟನ್ನೂ ನೆಟ್‌ವರ್ಕ್ ದಾಟಿಸಿ ಅಪ್ಲಿಕೇಶನ್ನಿಗೆ ತರಿಸಿ, ಗುಣಿಸಿ, ಉತ್ತರವನ್ನು ಮತ್ತೆ ದಾಟಿಸಿ ಬರೆಯುವುದು ಗೋದಾಮಿನ ಅಕ್ಕಿಯನ್ನೆಲ್ಲ ಮನೆಗೆ ಹೊತ್ತು ತಂದು ಅಳೆದು ಮತ್ತೆ ಗೋದಾಮಿಗೆ ಹೊತ್ತಂತೆ. ಮಾಹಿತಿ ಇರುವಲ್ಲೇ ಲೆಕ್ಕ ಮುಗಿಸಿದರೆ ಆ ಹೊರೆಯೇ ಇಲ್ಲ. ರಾತ್ರಿಯ ‘ಡೇ ಎಂಡ್’ ಬ್ಯಾಚು ಬೆಳಿಗ್ಗೆ ಕೌಂಟರು ತೆರೆಯುವುದರೊಳಗೆ ಮುಗಿಯಲೇಬೇಕಾದ ಬ್ಯಾಂಕಿನಲ್ಲಿ, ರಾಶಿ ಮಾಹಿತಿಯ ಮೇಲಿನ ಇಂಥ ಲೆಕ್ಕಕ್ಕೆ ಡೇಟಾಬೇಸೇ ಸರಿಯಾದ ಜಾಗ.

ಆದರೆ ‘ಹತ್ತನೇ ತಾರೀಕು’ ಎಂಬ ಅಂಕಿಯನ್ನು ಆ ಪ್ರೊಸೀಜರಿನ ಹೊಟ್ಟೆಯಲ್ಲೇ ಬರೆದಿಟ್ಟಿದ್ದರೆ? ಪಾಸ್‌ಬುಕ್ ಮುದ್ರಿಸುವ ಪ್ರೋಗ್ರಾಂನಲ್ಲಿ ಒಮ್ಮೆ, ಖಾತೆ ಮುಚ್ಚುವ ಪ್ರೋಗ್ರಾಂನಲ್ಲಿ ಇನ್ನೊಮ್ಮೆ ಅದೇ ಲೆಕ್ಕ ನಕಲಾಗಿದ್ದರೆ? ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ, ಏಪ್ರಿಲ್ ಮಧ್ಯದಲ್ಲಿ ಖಾತೆ ಮುಚ್ಚಿದವರಿಗೆ ಹಳೆಯ ಬಡ್ಡಿ, ಉಳಿದವರಿಗೆ ಹೊಸ ಬಡ್ಡಿ. ನಿಯಮ ಯಾವ ಪದರದಲ್ಲಿದೆ ಎನ್ನುವುದಕ್ಕಿಂತ ಅದು ಎಷ್ಟು ಕಡೆ ಇದೆ ಎನ್ನುವುದು ಇಲ್ಲಿ ದೊಡ್ಡ ಅಪಾಯ.

ಒಂದೇ ಕ್ಷಣ, ಎರಡು ಕೈ

ಇನ್ನೊಂದು ಬಗೆಯ ನಿಯಮಕ್ಕೆ ವೇಗಕ್ಕಿಂತ ಸುರಕ್ಷತೆ ಮುಖ್ಯ. ಗಂಡ–ಹೆಂಡತಿಯ ಜಂಟಿ ಖಾತೆಯಲ್ಲಿ ₹10,000 ಇದೆ. ಗಂಡ ಕಾಂದಿವಲಿಯ ಎಟಿಎಂನಲ್ಲಿ ₹8,000 ಒತ್ತುತ್ತಾರೆ. ಅದೇ ಕ್ಷಣ ಮಂಗಳೂರಿನಲ್ಲಿರುವ ಹೆಂಡತಿ ಫೋನಿನಿಂದ ₹8,000 ಕಳಿಸುತ್ತಾರೆ. ಎರಡು ಅಪ್ಲಿಕೇಶನ್‌ಗಳೂ ಬಾಕಿ ಕೇಳುತ್ತವೆ, ಎರಡಕ್ಕೂ ಹತ್ತು ಸಾವಿರ ಎಂಬ ಉತ್ತರ ಬರುತ್ತದೆ. ಎರಡೂ ಸರಿಯೆಂದೇ ಮುಂದುವರಿಯುತ್ತವೆ. ಎರಡರ ಪ್ರೋಗ್ರಾಂನಲ್ಲೂ ತಪ್ಪಿಲ್ಲ, ಆದರೂ ಖಾತೆ ₹6,000 ಕೊರತೆಗೆ ಬೀಳುತ್ತದೆ.

ಇದನ್ನು ತಡೆಯಬಲ್ಲದ್ದು ಇಬ್ಬರಿಗೂ ಸಮಾನವಾಗಿರುವ ಒಂದೇ ಜಾಗ: ಆ ಖಾತೆಯ ಸಾಲು. ಒಬ್ಬರು ಅದನ್ನು ಬದಲಿಸುತ್ತಿರುವಾಗ ಇನ್ನೊಬ್ಬರನ್ನು ಕಾಯಿಸುವ ಬೀಗ, ಸರದಿ ಬಂದಾಗ ಬಾಕಿಯನ್ನು ಮತ್ತೆ ನೋಡುವ ಷರತ್ತು, ಬಾಕಿ ಸೊನ್ನೆಗಿಂತ ಕೆಳಗಿಳಿದರೆ ಇಡೀ ವ್ಯವಹಾರವನ್ನೇ ರದ್ದುಮಾಡುವ ಕಟ್ಟುಪಾಡು. ಒಂದು ವ್ಯವಹಾರ ಪೂರ್ತಿ ಆಗಬೇಕು, ಇಲ್ಲವೇ ಆಗಲೇಕೂಡದು ಎಂಬ ತತ್ತ್ವವನ್ನು ಯಂತ್ರಕ್ಕೆ ಅಳವಡಿಸಿದವರಲ್ಲಿ ಜಿಮ್ ಗ್ರೇ ಅಗ್ರಗಣ್ಯರು. ಆ ಕೆಲಸಕ್ಕಾಗಿ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಹಣ ಕಳೆಯದಂತೆ, ಹುಟ್ಟದಂತೆ ಕಾಯುವ ಇಂಥ ನಿಯಮಗಳನ್ನು ಅಪ್ಲಿಕೇಶನ್ನಿನ ನಂಬಿಕೆಗೆ ಮಾತ್ರ ಬಿಡುವುದು ಬೇಜವಾಬ್ದಾರಿ. ನಾಳೆ ಐದನೇ ಬಾಗಿಲೊಂದು ತೆರೆದರೆ, ಅದನ್ನು ಕಟ್ಟುವವರಿಗೆ ಹಳೆಯ ನಾಲ್ಕರ ಎಚ್ಚರಿಕೆಗಳು ತಿಳಿದೇ ಇರುತ್ತವೆ ಎಂಬ ಖಾತ್ರಿಯಿಲ್ಲ.

ಡೇಟಾಬೇಸಿನ ಮೇಲಿನ ಭಾರ

ಹಾಗೆಂದು ಎಲ್ಲವನ್ನೂ ಒಳಗೆ ತುಂಬಿದರೆ ಬರುವ ಕಷ್ಟಗಳೂ ನಿಜವಾದವು. ಅಪ್ಲಿಕೇಶನ್ ಓಡುವ ಯಂತ್ರಗಳು ಸಾಲದಾದಾಗ ಇನ್ನೆರಡು ಸೇರಿಸಬಹುದು. ಒಂದೇ ಸತ್ಯವನ್ನು ಕಾಯಬೇಕಾದ ಡೇಟಾಬೇಸನ್ನು ಹಾಗೆ ಹಂಚುವುದು ಕಷ್ಟ. ಪರವಾನಗಿಯ ಬೆಲೆಯನ್ನು ಪ್ರೊಸೆಸರುಗಳ ಲೆಕ್ಕದಲ್ಲಿ ಕೊಡುವ ಕಡೆ, ಅಪ್ಲಿಕೇಶನ್ ಮಾಡಬಹುದಾದ ಕೆಲಸವನ್ನು ಡೇಟಾಬೇಸಿಗೆ ಕೊಟ್ಟಷ್ಟೂ ಬಿಲ್ಲು ಏರುತ್ತದೆ. ಸಣ್ಣ ಸಹಕಾರಿ ಸಂಸ್ಥೆಗೆ ಇದು ಸಣ್ಣ ಮಾತಲ್ಲ.

ಭಾಷೆಯ ಬಂಧನವೂ ಇದೆ. ಒರಾಕಲ್‌ನೊಳಗೆ ಬರೆದ ಪ್ರೊಸೀಜರುಗಳು ಉಚಿತವಾಗಿ ಸಿಗುವ ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಇದ್ದಹಾಗೆ ಹೋಗುವುದಿಲ್ಲ. ಎರಡರ ಭಾಷೆ ಅಕ್ಕತಂಗಿಯರಂತಿದ್ದರೂ ಒಂದೊಂದು ಸಾಲನ್ನೂ ನೋಡಿ ತಿದ್ದಿ, ಮತ್ತೆ ಪರೀಕ್ಷಿಸಬೇಕು. ಹತ್ತು ವರ್ಷದ ಲಾಜಿಕ್ ಒಳಗಿದ್ದರೆ, ಬೆಲೆ ಹೆಚ್ಚಾಯಿತೆಂದು ಡೇಟಾಬೇಸ್ ಬದಲಿಸುವ ಸ್ವಾತಂತ್ರ್ಯ ಬ್ಯಾಂಕಿಗೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಟ್ರಿಗರ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗ್ರಾಹಕರ ವಿಳಾಸ ಬದಲಾದಾಗಲೆಲ್ಲ ಎಸ್‌ಎಂಎಸ್ ಹೋಗುವಂತೆ ಟ್ರಿಗರ್ ಬರೆದಿದೆ ಎನ್ನೋಣ. ಮುಂದೊಂದು ದಿನ ಪಿನ್‌ಕೋಡ್ ತಿದ್ದಲು ಯಾರೋ ರಾತ್ರಿ ಎಲ್ಲ ಸಾಲುಗಳನ್ನೂ ಒಮ್ಮೆಲೇ ಬದಲಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಎಲ್ಲ ಗ್ರಾಹಕರಿಗೂ ನಿಮ್ಮ ವಿಳಾಸ ಬದಲಾಗಿದೆ ಎಂಬ ಸಂದೇಶ ಹೋಗಿ, ಶಾಖೆಗಳಿಗೆ ಗಾಬರಿಯ ಕರೆಗಳ ಮಳೆ. ತಿದ್ದಿದವರ ಕಣ್ಣಿಗೆ ಆ ಟ್ರಿಗರ್ ಬಿದ್ದೇ ಇರುವುದಿಲ್ಲ. ಹೊರಜಗತ್ತಿಗೆ ಮಾತಾಡುವ ಕೆಲಸ, ಅಂದರೆ ಸಂದೇಶ, ಇಮೇಲ್, ಇನ್ನೊಂದು ಸಂಸ್ಥೆಗೆ ಕರೆ, ಇವೆಲ್ಲ ಅಪ್ಲಿಕೇಶನ್ನಿಗೇ ಸೇರಿದವು. ಪರದೆಯ ಭಾಷೆ, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ, ಹಬ್ಬದ ರಿಯಾಯಿತಿಯ ಜಾಹೀರಾತು ಯಾರಿಗೆ ಕಾಣಬೇಕು ಎಂಬವೂ ಹಾಗೆಯೇ.

ನೆಟ್‌ವರ್ಕ್ ಇಲ್ಲದ ಗಲ್ಲಿ

ಪಿಗ್ಮಿ ಯಂತ್ರದ ಕಥೆ ಈ ಎರಡು ಪಕ್ಷಗಳಿಗೂ ಪೂರ್ತಿ ಒಗ್ಗುವುದಿಲ್ಲ. ಒತ್ತೊತ್ತಾದ ಮಳಿಗೆಗಳ ಒಳಗೆ ಸಿಗ್ನಲ್ ಸಿಗದೆ ಹೋಗಬಹುದು. ಆಗ ಮುಖ್ಯ ಡೇಟಾಬೇಸನ್ನು ಕೇಳುವ ಮಾತೇ ಇಲ್ಲ. ಖಾತೆ ಚಾಲ್ತಿಯಲ್ಲಿದೆಯೇ, ದಿನದ ಮಿತಿ ಮೀರಿತೇ ಎಂಬುದನ್ನು ಯಂತ್ರವೇ, ಬೆಳಿಗ್ಗೆ ತುಂಬಿಸಿಕೊಂಡ ಪಟ್ಟಿ ನೋಡಿ ಹೇಳಬೇಕು. ಇಲ್ಲದಿದ್ದರೆ ಸಂಗ್ರಾಹಕರು ಹಣ ಪಡೆದು, ಮರುದಿನ ಖಾತೆ ಮುಚ್ಚಿದೆಯಂತೆ ಎಂದು ಹಿಂದಿರುಗಿಸಲು ಹೋಗಬೇಕಾಗುತ್ತದೆ. ದಿನವೂ ಮುಖ ನೋಡಿಕೊಂಡು ನಡೆಯುವ ವ್ಯವಹಾರದಲ್ಲಿ ಅಂಥ ಮುಜುಗರ ವಿಶ್ವಾಸವನ್ನೇ ತಿನ್ನುತ್ತದೆ.

ರಾತ್ರಿ ಯಂತ್ರದ ಲೆಕ್ಕ ಮುಖ್ಯ ವ್ಯವಸ್ಥೆಗೆ ಏರುವಾಗ ಅದೇ ನಿಯಮಗಳನ್ನು ಡೇಟಾಬೇಸ್ ಇನ್ನೊಮ್ಮೆ ನೋಡಬೇಕು. ಬೆಳಗಿನ ಪಟ್ಟಿ ಸಂಜೆಗೆ ಹಳತಾಗಿರಬಹುದು, ಯಂತ್ರದ ಗಡಿಯಾರ ತಪ್ಪಿರಬಹುದು, ಒಂದೇ ದಿನದ ಕಡತ ಎರಡು ಸಲ ಏರಿರಬಹುದು. ಇಲ್ಲಿ ಒಂದೇ ನಿಯಮ ಎರಡು ಕಡೆ ಇರುವುದು ತಪ್ಪಲ್ಲ, ಬೇಕೆಂದೇ ಮಾಡಿದ ಏರ್ಪಾಟು. ಮೊದಲನೆಯದು ಎದುರಿಗಿರುವವರ ಅನುಕೂಲಕ್ಕೆ, ಎರಡನೆಯದು ಹಣದ ಕಾವಲಿಗೆ. ಭಿನ್ನಾಭಿಪ್ರಾಯ ಬಂದರೆ ಡೇಟಾಬೇಸಿನ ಮಾತೇ ಕೊನೆ ಎಂದು ಮೊದಲೇ ತೀರ್ಮಾನವಾಗಿರಬೇಕು. ಫೋನಿನ ಆ್ಯಪ್ ಮೊತ್ತದ ಜಾಗದಲ್ಲಿ ಅಕ್ಷರ ಒತ್ತಲು ಬಿಡದಿರುವುದೂ ಈ ಜಾತಿಯದೇ. ಅದು ಸೌಜನ್ಯ. ಅದನ್ನೇ ರಕ್ಷಣೆ ಎಂದುಕೊಳ್ಳಬಾರದು.

ನಿಯಮವನ್ನೇ ಟೇಬಲ್ ಮಾಡಿದರೆ

ಮೇಲಿಂದ ಮೇಲೆ ಬದಲಾಗುವ ದರ, ಮಿತಿ, ರಿಯಾಯಿತಿಗಳಿಗೆ ಮೂರನೆಯ ಮನೆಯೊಂದಿದೆ. ಅವನ್ನು ಪ್ರೊಸೀಜರಿನಲ್ಲಾಗಲಿ ಅಪ್ಲಿಕೇಶನ್ನಿನಲ್ಲಾಗಲಿ ಬರೆಯದೆ, ಮಾಹಿತಿಯಂತೆಯೇ ಒಂದು ಟೇಬಲಿನಲ್ಲಿಡುವುದು. ಪ್ರೋಗ್ರಾಂ ‘ದರ ಶೇ 3.5’ ಎಂದು ತಿಳಿದಿರುವುದಿಲ್ಲ, ‘ಇಂದಿನ ದರವನ್ನು ಟೇಬಲಿನಿಂದ ಓದು’ ಎಂದಷ್ಟೇ ತಿಳಿದಿರುತ್ತದೆ.

ಇದರ ಬೆಲೆ 2011ರಲ್ಲಿ ಕಂಡಿತು. ಮೇ 3ರಂದು ಉಳಿತಾಯ ಬಡ್ಡಿ ಶೇ 4ಕ್ಕೇರಿತು. ಟೇಬಲಿನಲ್ಲಿ ಇಟ್ಟವರಿಗೆ ಒಂದು ಸಾಲಿನ ಕೆಲಸ. ಅಕ್ಟೋಬರ್ 25ರಂದು ದರ ನಿಗದಿಯನ್ನೇ ಬ್ಯಾಂಕುಗಳಿಗೆ ಬಿಟ್ಟುಕೊಟ್ಟ ರಿಸರ್ವ್ ಬ್ಯಾಂಕ್, ಒಂದು ಲಕ್ಷ ರೂಪಾಯಿವರೆಗೆ ಎಲ್ಲರಿಗೂ ಒಂದೇ ದರ, ಅದರ ಮೇಲೆ ಬೇರೆ ದರ ಇರಬಹುದು ಎಂದಿತು. ಟೇಬಲಿನಲ್ಲಿ ದರಕ್ಕೆ ಒಂದೇ ಅಂಕಣ ಬಿಟ್ಟಿದ್ದವರಿಗೆ ಅದೂ ಸಾಲದಾಯಿತು. ಯಾವ ಹಂತಕ್ಕೆ ಯಾವ ದರ ಎಂದು ಟೇಬಲಿನ ಆಕಾರವೇ ಬದಲಾಗಬೇಕಾಯಿತು. ನಿಯಮದ ಅಂಕಿ ಬದಲಾಗುವುದು ಒಂದು, ನಿಯಮದ ಆಕಾರ ಬದಲಾಗುವುದು ಇನ್ನೊಂದು. ಎರಡನೆಯದಕ್ಕೆ ಯಾವ ಟೇಬಲೂ ಪೂರ್ತಿ ಸಿದ್ಧವಾಗಿರಲಾರದು.

ಮುಂಬಯಿಯ ಸಹಕಾರಿ ಬ್ಯಾಂಕುಗಳ ಸದಸ್ಯರಿಗೆ 2015ರ ಜೂನ್ 1 ಇನ್ನೂ ಹತ್ತಿರದ ಉದಾಹರಣೆ. ಅಲ್ಲಿಯವರೆಗೆ ಸದಸ್ಯರ ಅವಧಿ ಠೇವಣಿಯ ಬಡ್ಡಿಗೆ ಸಹಕಾರಿ ಬ್ಯಾಂಕು ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿಯಬೇಕಿರಲಿಲ್ಲ, ಅಂದಿನಿಂದ ಕಡಿಯಬೇಕಾಯಿತು. ಎಲ್ಲ ಶಾಖೆಗಳ ಲೆಕ್ಕವನ್ನು ಒಂದೇ ಕಡೆ ಇಡುವ ಕೋರ್ ಬ್ಯಾಂಕಿಂಗ್ ಇರುವ ಬ್ಯಾಂಕುಗಳಲ್ಲಿ, ವರ್ಷದ ಬಡ್ಡಿ ಎಷ್ಟು ದಾಟಿದರೆ ಟಿಡಿಎಸ್ ಎಂಬ ಮಿತಿಯ ಲೆಕ್ಕ ಶಾಖೆವಾರು ಹೋಗಿ ಇಡೀ ಬ್ಯಾಂಕಿಗೆ ಒಂದೇ ಆಯಿತು. ಕಾಂದಿವಲಿಯಲ್ಲೊಂದು, ಮಲಾಡಿನಲ್ಲೊಂದು, ಬೊರಿವಲಿಯಲ್ಲೊಂದು ಎಂದು ಠೇವಣಿ ಹಂಚಿಟ್ಟವರ ಬಡ್ಡಿ ಒಟ್ಟಿಗೆ ಸೇರಿತು. ಸಾಮಾನ್ಯ ಠೇವಣಿದಾರರ ಆ ಮಿತಿ ಮುಂದೆ ₹10,000ದಿಂದ 2019ರ ಏಪ್ರಿಲ್‌ಗೆ ₹40,000ಕ್ಕೆ, 2025ರ ಏಪ್ರಿಲ್‌ಗೆ ₹50,000ಕ್ಕೆ ಏರಿತು. ಹಿರಿಯ ನಾಗರಿಕರಿಗೆ 2025ರಿಂದ ಒಂದು ಲಕ್ಷ. ಇದರಲ್ಲಿ ಮೂರು ಬಗೆಯ ನಿಯಮ ಒಟ್ಟಿಗಿವೆ: ಮಿತಿಯ ಅಂಕಿ ಟೇಬಲಿಗೆ, ಎಲ್ಲ ಶಾಖೆಗಳ ಬಡ್ಡಿ ಕೂಡಿಸುವ ಲೆಕ್ಕ ಡೇಟಾಬೇಸಿಗೆ, ಟಿಡಿಎಸ್ ಬೇಡವೆಂದು ಹಿರಿಯರು ಕೊಡುವ 15ಎಚ್ ಅರ್ಜಿಯನ್ನು ಕೇಳಿ ಪಡೆಯುವ ಹೆಜ್ಜೆಗಳು ಅಪ್ಲಿಕೇಶನ್ನಿಗೆ.

ಬ್ಯಾಂಕುಗಳು ಒಂದಾಗುವಾಗಲೂ ಈ ಹಂಚಿಕೆ ಲೆಕ್ಕಕ್ಕೆ ಬರುತ್ತದೆ. 2019ರ ಆಗಸ್ಟ್ 30ರಂದು ಸರ್ಕಾರಿ ಬ್ಯಾಂಕುಗಳ ವಿಲೀನ ಪ್ರಕಟಿಸಿದಾಗ, ಕೂಡುವ ಬ್ಯಾಂಕುಗಳು ಒಂದೇ ಬಗೆಯ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಬಳಸುತ್ತಿರುವುದನ್ನೂ ಸರ್ಕಾರ ಅನುಕೂಲವೆಂದು ತೋರಿಸಿತು. ಕೆನರಾ ಮತ್ತು ಸಿಂಡಿಕೇಟ್ ಎರಡೂ ಐ-ಫ್ಲೆಕ್ಸ್‌ನವು. ಯೂನಿಯನ್ ಬ್ಯಾಂಕಿಗೆ ಸೇರಿದ ಕಾರ್ಪೊರೇಶನ್ ಬ್ಯಾಂಕಿನದು ಯೂನಿಯನ್ನಿನಂತೆಯೇ ಫಿನಾಕಲ್. 2020ರ ಏಪ್ರಿಲ್ 1ರಂದು ವಿಲೀನ ಜಾರಿಗೆ ಬಂತು. ಸಾಫ್ಟ್‌ವೇರ್ ಒಂದೇ ಆದರೂ ಬ್ಯಾಂಕು ಬ್ಯಾಂಕಿಗೆ ನಿಯಮ ಬೇರೆ ಇರುತ್ತದೆ. ಟೇಬಲಿನಲ್ಲಿರುವ ನಿಯಮಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಪ್ರೋಗ್ರಾಂನೊಳಗೆ ಹೂತಿರುವುದನ್ನು ಮಾತ್ರ ಯಾರಾದರೂ ಕೂತು ಓದಿಯೇ ಹುಡುಕಬೇಕು.

ಇಂಥ ಟೇಬಲಿನ ಪ್ರತಿ ಸಾಲಿಗೂ ಎಂದಿನಿಂದ ಎಂದಿನವರೆಗೆ ಎಂಬ ಎರಡು ದಿನಾಂಕ, ಹಾಕಿದವರ ಮತ್ತು ಒಪ್ಪಿದವರ ಗುರುತು ಇರಬೇಕು. ಹೊಸ ದರ ಬಂದಾಗ ಹಳೆಯ ಸಾಲನ್ನು ಅಳಿಸುವಂತಿಲ್ಲ, ಅದರ ಕೊನೆಯ ದಿನಾಂಕ ತುಂಬಿ ಕೆಳಗೆ ಹೊಸ ಸಾಲು ಸೇರಿಸಬೇಕು. ತೀರಿಹೋದ ತಂದೆಯ ಖಾತೆಯ 2009ರ ಬಡ್ಡಿ ಹೇಗೆ ಬಂತೆಂದು ವಾರಸುದಾರರು ಇಂದು ಬಂದು ಕೇಳಿದರೆ, ಅಂದಿನ ಹತ್ತನೇ ತಾರೀಕಿನ ನಿಯಮವನ್ನೇ ತೆಗೆದು, ಅದೇ ಲೆಕ್ಕವನ್ನು ಮತ್ತೆ ಓಡಿಸಿ, ಅದೇ ಪೈಸೆಯನ್ನು ತೋರಿಸಲು ಬರಬೇಕು.